ಡೀಸೆಲ್ ಪಿಕಪ್ ಬಿಟ್ಟು ಪೆಟ್ರೋಲ್ ಗಾಡಿ ಹಿಡಿಯುವವರಿಗೆ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಸುಗ್ಗಿಯ ತಿಂಗಳುಗಳಲ್ಲಿ ಆ ಎರಡು ದಿನ ಎಪಿಎಂಸಿ ಅಂಗಳಕ್ಕೆ ಬರುವ ಗಾಡಿಗಳನ್ನು ಸುಮ್ಮನೆ ನಿಂತು ನೋಡಿದರೂ ಒಂದು ಪಾಠವಾಗುತ್ತದೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ದೊಡ್ಡ ಲಾರಿಗಳು ಬರುತ್ತವೆ. ಅವುಗಳ ಸಂದಿಯಲ್ಲಿ ಬೊಲೆರೊ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಏಸ್, ಈಚೆಗೆ ಮಾರುತಿ ಸೂಪರ್ ಕ್ಯಾರಿ ನುಸುಳುತ್ತವೆ. ದೂರದ ಕೆಲಸ ಲಾರಿಯದು. ದಲಾಲಿ ಅಂಗಡಿಯಿಂದ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ಪುಡಿ ಮಾಡುವ ಗಿರಣಿಗೆ, ರಾಣೇಬೆನ್ನೂರಿನ ಗೋದಾಮಿಗೆ, ಹಾವೇರಿಯ ಅಂಗಡಿಗೆ ಸಾಗಿಸುವ ಓಡಾಟ ಸಣ್ಣ ಗಾಡಿಯದು.

ಈ ಸಣ್ಣ ಗಾಡಿಗಳವರು ನಾಲ್ಕೈದು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಒಂದೇ. “ಸರ್, ಡೀಸೆಲ್ ಪಿಕಪ್ ಕೊಟ್ಟು ಸಣ್ಣ ಪೆಟ್ರೋಲ್ ಗಾಡಿ ತಗೊಂಡ್ರ ಹೆಂಗ್ರಿ?” ಇದಕ್ಕೆ ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಂಬಬೇಡಿ. ಉತ್ತರ ಇರುವುದು ನೀವು ದಿನವೂ ಹೇರುವ ಲೋಡಿನಲ್ಲಿ. ಇಂಜಿನ್ನಿನ ಮಾತು ಆಮೇಲೆ. ಇದೇ ಮೊದಲ ಸಲ ಗಾಡಿ ಕೊಳ್ಳುತ್ತಿರುವವರಿಗೂ ಅರ್ಥವಾಗಲೆಂದು ನಿಧಾನವಾಗಿ, ಬುಡದಿಂದ ಹೇಳುತ್ತೇನೆ.

ಮೊದಲು ಎರಡೂ ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸೋಣ. ನಮ್ಮ ಕಡೆ ಪಿಕಪ್ ಎಂದರೆ ಬಹುತೇಕ ಬೊಲೆರೊ. 2523 ಸಿಸಿಯ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ಟರ್ಬೊ ಇದೆ. ಎಳೆಯುವ ಬಲ, ಅಂದರೆ ಟಾರ್ಕ್, ಸುಮಾರು 200 ನ್ಯೂಟನ್ ಮೀಟರ್. ಅದೂ 1400 ಆರ್‌ಪಿಎಂನಲ್ಲೇ ಸಿಕ್ಕಿಬಿಡುತ್ತದೆ. ಮಾದರಿ ನೋಡಿಕೊಂಡು 1.3 ಟನ್, 1.7 ಟನ್ ಪಾಸಿಂಗ್, ಅಂದರೆ ಹೊರಲು ಒಪ್ಪಿಗೆ ಇರುವ ಲೋಡು. ಬಾಡಿ ಸುಮಾರು ಒಂಬತ್ತು ಅಡಿ ಉದ್ದ. ಇನ್ನೊಂದು ಕಡೆ ಸೂಪರ್ ಕ್ಯಾರಿ ಪೆಟ್ರೋಲ್: 1.2 ಲೀಟರಿನ ನಾಲ್ಕು ಸಿಲಿಂಡರ್, 104 ನ್ಯೂಟನ್ ಮೀಟರ್, ಅದು ಸಿಗುವುದು 2900 ಆರ್‌ಪಿಎಂನಲ್ಲಿ. ಪಾಸಿಂಗ್ 740 ಕಿಲೋ, ಬಾಡಿ ಏಳು ಅಡಿ ಚಿಲ್ಲರೆ. ಟಾಟಾ ಏಸ್ ಪೆಟ್ರೋಲ್ ಇನ್ನೂ ಸಣ್ಣದು. 694 ಸಿಸಿ, ಎರಡೇ ಸಿಲಿಂಡರ್, 55 ನ್ಯೂಟನ್ ಮೀಟರ್, ಹೊರುವುದು 750 ಕಿಲೋ.

2005ರಲ್ಲಿ ಟಾಟಾ ಏಸ್ ಮೊದಲು ಬಂದಾಗ ಅದೂ 702 ಸಿಸಿಯ ಡೀಸೆಲ್ ಗಾಡಿಯೇ. ಆಗ ಸರಕಿನ ಗಾಡಿಗೆ ಪೆಟ್ರೋಲ್ ಹಾಕುತ್ತಾರೆಂದರೆ ಯಾರೂ ಒಪ್ಪುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲ್ ಮೇಲಿನದು 2014ರ ಅಕ್ಟೋಬರ್‌ವರೆಗೂ ಉಳಿಯಿತು. ಆ ನಡುವಿನ ವರ್ಷಗಳಲ್ಲಿ ಲೀಟರಿಗೆ 25–30 ರೂಪಾಯಿಯಷ್ಟು ಅಂತರ ಇದ್ದ ಕಾಲವೂ ಇತ್ತು. ಈಗ ಹಾಗಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯದ ತೆರಿಗೆ ಏರಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಮುಟ್ಟಿತು, ಪೆಟ್ರೋಲ್ 103ರ ಹತ್ತಿರ ಇತ್ತು. ಅಂತರ 12 ರೂಪಾಯಿ. ಡೀಸೆಲ್ ಅಂದರೆ ಅಗ್ಗ ಎಂಬ ಅಪ್ಪಂದಿರ ಕಾಲದ ಲೆಕ್ಕ ಇನ್ನು ಕಣ್ಣುಮುಚ್ಚಿ ನಡೆಯುವುದಿಲ್ಲ.

ಈಗ ಲೋಡಿಗೆ ಬರೋಣ. ಸರಕಿನಲ್ಲಿ ಎರಡು ಜಾತಿ. ಒಂದು, ಬಾಡಿ ತುಂಬುವ ಮೊದಲೇ ತೂಕ ಮುಗಿಯುವುದು. ಗೊಬ್ಬರ, ಸಿಮೆಂಟು, ಮೆಕ್ಕೆಜೋಳ, ಉಳ್ಳಾಗಡ್ಡಿ ಈ ಸಾಲಿನವು. ಐವತ್ತು ಕಿಲೋದ ಹದಿನೈದು ಸಿಮೆಂಟು ಚೀಲ ಹಾಕಿದರೆ 750 ಕಿಲೋ ಆಗಿಹೋಯಿತು, ಬಾಡಿಯಲ್ಲಿ ಇನ್ನೂ ಬೇಕಾದಷ್ಟು ಜಾಗ ಕಾಣುತ್ತಿರುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿಯೇ. ಜಾಗ ಇದೆಯಲ್ಲ ಎಂದು ಇನ್ನೂ ಹತ್ತು ಚೀಲ ಒಟ್ಟುತ್ತಾರೆ.

ಇನ್ನೊಂದು ಜಾತಿ, ತೂಕ ತುಂಬುವ ಮೊದಲೇ ಜಾಗ ಮುಗಿಯುವುದು. ಒಣ ಮೆಣಸಿನಕಾಯಿ ಇದಕ್ಕೆ ಒಳ್ಳೆಯ ಉದಾಹರಣೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಕಡ್ಡಿ ತಳಿ ಉದ್ದಕ್ಕೆ, ಮೈತುಂಬ ನಿರಿಗೆ. ಡಬ್ಬಿ ತಳಿ ಗಿಡ್ಡಕ್ಕೆ ದುಂಡಗೆ, ಒಳಗೆ ಬೀಜ ಹೆಚ್ಚು. ಎರಡರ ಹೊಟ್ಟೆಯಲ್ಲೂ ಗಾಳಿ. ಚೀಲ ಆಳೆತ್ತರ ಇದ್ದರೂ ಹಮಾಲರು ಬೆನ್ನಮೇಲೆ ಸಲೀಸಾಗಿ ಒಯ್ಯುತ್ತಾರೆ. ಅಂಥ ಚೀಲಗಳನ್ನು ಏಳಡಿ ಬಾಡಿಯಲ್ಲಿ ನಿಲ್ಲಿಸಿದರೆ ತೂಕ ಪಾಸಿಂಗಿನ ಗೆರೆ ಮುಟ್ಟುವ ಮೊದಲೇ ಹಗ್ಗ ಕಟ್ಟುವ ಹೊತ್ತು ಬಂದಿರುತ್ತದೆ. ಆ ಗೆರೆ ಮುಟ್ಟಿಸಲೆಂದು ಮೇಲೆ ಮತ್ತೊಂದು ಸಾಲು ಏರಿಸಿದರೆ ತೊಂದರೆ ತೂಕದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ಸಣ್ಣ ಗಾಡಿಯ ಅಗಲ ಐದು ಅಡಿಗೂ ಕಡಿಮೆ. ಹೆದ್ದಾರಿಗೆ ಏರಿದಾಗ ಬಯಲಿನ ಅಡ್ಡಗಾಳಿ ಆ ಎತ್ತರದ ಗೋಡೆಗೆ ಬಡಿಯುತ್ತದೆ. ಪಕ್ಕದಲ್ಲಿ ಬಸ್ಸು ಹಾದುಹೋದರೆ ಸ್ಟೇರಿಂಗು ಕೈಯಲ್ಲಿ ಅಲುಗಾಡುವುದು ಗೊತ್ತಾಗುತ್ತದೆ. ಆದ್ದರಿಂದ ಮೆಣಸಿನಕಾಯಿ ಹೇರುವವರು ಪಾಸಿಂಗಿಗಿಂತ ಬಾಡಿಯ ಉದ್ದ ಅಗಲ ನೋಡಿ ಗಾಡಿ ಆರಿಸಬೇಕು. ಪೇಟೆಯೊಳಗಿನ ಸಣ್ಣ ಸಣ್ಣ ಟ್ರಿಪ್ಪಾದರೆ ಏಳಡಿ ಸಾಕು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಒಯ್ಯುವುದಾದರೆ ಒಂಬತ್ತಡಿಯ ಪಿಕಪ್ಪೇ ಲೇಸು.

ರಾಣೇಬೆನ್ನೂರಿನ ಬೀಜದ ವ್ಯಾಪಾರದವರ ಕಥೆ ಬೇರೆ. ಅಲ್ಲಿ ತರಕಾರಿ ಬೀಜದ ಡಬ್ಬಗಳು ಹಗುರ, ಬೆಲೆ ಭಾರ. ಗಾಡಿ ಹೋಗುವುದು ಹಳ್ಳಿಯಿಂದ ಹಳ್ಳಿಗೆ. ಹಾವೇರಿಯ ಕಿರಾಣಿ, ಬೇಕರಿ, ಹಾಲಿನ ರೂಟುಗಳೂ ಹೀಗೆಯೇ: ನಿಲ್ಲು, ಇಳಿಸು, ಮತ್ತೆ ಹೊರಡು. ಇಂಥ ಕೆಲಸಕ್ಕೆ 1.7 ಟನ್ನಿನ ಗಾಡಿ ಇಟ್ಟುಕೊಂಡವರು ದಿನವೂ ಖಾಲಿ ಕಬ್ಬಿಣ ಹೊತ್ತು ತಿರುಗುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಹಣದ ಲೆಕ್ಕವನ್ನು ಪೆನ್ನು ಹಿಡಿದೇ ಮಾಡಬೇಕು. ಪಿಕಪ್ ಪೂರಾ ಲೋಡಿನಲ್ಲಿ ಲೀಟರಿಗೆ 13 ಕಿಲೋಮೀಟರ್ ಎವರೇಜ್ ಕೊಡುತ್ತದೆ ಎಂದು ಹಿಡಿಯಿರಿ. 91 ರೂಪಾಯಿಯ ಡೀಸೆಲ್‌ನಲ್ಲಿ ಕಿಲೋಮೀಟರಿಗೆ ಸರಿಯಾಗಿ 7 ರೂಪಾಯಿ. ಪೆಟ್ರೋಲ್ ಗಾಡಿ 16 ಕೊಟ್ಟರೆ, 103 ರೂಪಾಯಿಯ ದರದಲ್ಲಿ ಕಿಲೋಮೀಟರಿಗೆ ಸುಮಾರು 6 ರೂಪಾಯಿ 45 ಪೈಸೆ. ಈಗ 1200 ಕಿಲೋ ಸಾಗಿಸಬೇಕಾದರೆ? ಪಿಕಪ್ಪಿಗೆ ಒಂದೇ ಟ್ರಿಪ್, 7 ರೂಪಾಯಿ. ಸಣ್ಣದಕ್ಕೆ ಎರಡು ಟ್ರಿಪ್, 12 ರೂಪಾಯಿ 90 ಪೈಸೆ, ಜೊತೆಗೆ ಡ್ರೈವರಿನ ಸಮಯವೂ ದುಪ್ಪಟ್ಟು. ಸಾಗಿಸಬೇಕಾದದ್ದು 500 ಕಿಲೋ ಆದರೆ? ಅರ್ಧ ಲೋಡಿನ ಪಿಕಪ್ 14 ಕೊಟ್ಟೀತು. ಆಗ 6 ರೂಪಾಯಿ 50 ಪೈಸೆ. ಎರಡೂ ಸಮ.

ಗಮನಿಸಿ, ಸಮ ಎಂದೆ, ಪೆಟ್ರೋಲ್ ಅಗ್ಗ ಎನ್ನಲಿಲ್ಲ. ಸಣ್ಣ ಗಾಡಿ ಕೊಂಡರೆ ಬಂಕಿನಲ್ಲಿ ಹಣ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಲೆಕ್ಕ ತಪ್ಪು. ಉಳಿತಾಯ ಇರುವುದು ಬೇರೆ ಕಡೆ. ಎರಡು ಗಾಡಿಗಳ ಬೆಲೆಯಲ್ಲಿ ನಾಲ್ಕು ಲಕ್ಷದಷ್ಟು ವ್ಯತ್ಯಾಸ ಬಂದರೆ, ನೂರಕ್ಕೆ ಹತ್ತರ ಬಡ್ಡಿಯಲ್ಲಿ ಮೊದಲ ವರ್ಷವೇ ಹೆಚ್ಚುಕಡಿಮೆ 40,000 ರೂಪಾಯಿ. ಅದನ್ನು ದುಡಿಯುವ ಮುನ್ನೂರು ದಿನಕ್ಕೆ ಹಂಚಿದರೆ ದಿನಕ್ಕೆ 130 ರೂಪಾಯಿ ಚಿಲ್ಲರೆ. ಟೈರು ಸಣ್ಣದು, ಕ್ಲಚ್ ಪ್ಲೇಟು ಸಣ್ಣದು, ಇಂಜಿನ್ ಆಯಿಲ್ ಹಿಡಿಯುವುದೂ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದದ್ದರಿಂದ ಎರಡೂ ಬಗೆಯ ಗಾಡಿಗಳ ಬೆಲೆ ಇಳಿದಿದೆ. ಹಳೆಯ ಕೊಟೇಶನ್ ಹಿಡಿದು ಮಾತಾಡಬೇಡಿ, ಹೊಸದು ಬರೆಸಿಕೊಳ್ಳಿ. ಮರುಮಾರಾಟದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕಡೆ ಹಳೆಯ ಬೊಲೆರೊಗೆ ಗಿರಾಕಿ ಬೇಗ ಸಿಗುತ್ತಾನೆ. ಪೆಟ್ರೋಲ್ ಗಾಡಿಗೆ ಆ ಹೆಸರು ಇನ್ನೂ ಬಂದಿಲ್ಲ.

ಡೀಸೆಲ್ ಬಿಡುವವರು ಕೊಡುವ ಇನ್ನೊಂದು ದೊಡ್ಡ ಕಾರಣ ಬಿಎಸ್-6, ಅಂದರೆ ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ. ದೇಶದಲ್ಲಿ 2020ರ ಏಪ್ರಿಲ್ 1ರಿಂದ ಈ ನಿಯಮ ಬಂತು. ಅದೇ ಹೊತ್ತಿಗೆ ಮಾರುತಿ ಕಂಪನಿ ಡೀಸೆಲ್ ಇಂಜಿನ್ನನ್ನೇ ಕೈಬಿಟ್ಟಿತು, ಸೂಪರ್ ಕ್ಯಾರಿಯ ಡೀಸೆಲ್ ಮಾದರಿಯೂ ನಿಂತಿತು. ಹೊಸ ಡೀಸೆಲ್ ಗಾಡಿಯ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಜಾಲರಿಯೊಂದಿರುತ್ತದೆ, ಮೆಕ್ಯಾನಿಕ್‌ಗಳು ಡಿಪಿಎಫ್ ಎನ್ನುತ್ತಾರೆ. ಅದರಲ್ಲಿ ಮಸಿ ತುಂಬಿದಾಗ ಇಂಜಿನ್ ತಾನೇ ಹೊಗೆಯ ಬಿಸಿಯನ್ನು 600 ಡಿಗ್ರಿಯ ಹತ್ತಿರಕ್ಕೆ ಏರಿಸಿ ಆ ಮಸಿಯನ್ನು ಸುಡುತ್ತದೆ. ಹಾಗೆ ಸುಡಲು ಗಾಡಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಒಮ್ಮೆ ಹೋಗಿಬಂದರೆ ಕೆಲಸ ಆಯಿತು. ಆದರೆ ಗಾಡಿ ದಿನವಿಡೀ ಪೇಟೆಯೊಳಗೇ ಎರಡು ಕಿಲೋಮೀಟರ್ ಓಡಿ, ನಿಂತು, ಮತ್ತೆ ಎರಡು ಕಿಲೋಮೀಟರ್ ಓಡುತ್ತಿದ್ದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಸಿ ಕಟ್ಟಿಕೊಳ್ಳುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ, ಎಳೆತ ಕುಗ್ಗುತ್ತದೆ. ಕೆಲವು ಮಾದರಿಗಳಿಗೆ ಯೂರಿಯಾ ದ್ರಾವಣವನ್ನೂ ಬೇರೆ ಟ್ಯಾಂಕಿನಲ್ಲಿ ತುಂಬಿಸಬೇಕು. ಅದು ಹೊಲಕ್ಕೆ ಹಾಕುವ ಯೂರಿಯಾವನ್ನು ನೀರಿಗೆ ಕಲಸಿದ್ದಲ್ಲ. ಶುದ್ಧ ಯೂರಿಯಾ ನೂರಕ್ಕೆ 32.5ರಷ್ಟಿರುವ ದ್ರಾವಣ. ಮನೆಯಲ್ಲಿ ಕಲಸಿ ಹಾಕಿದರೆ ಇಂಜೆಕ್ಟರು ಕಟ್ಟಿಹೋಗುತ್ತದೆ.

ಹಾಗಾದರೆ ಡೀಸೆಲ್ ಇಂಜಿನ್ ಕೆಟ್ಟದ್ದೇ? ಖಂಡಿತ ಅಲ್ಲ. ದೂರ ಓಡಿಸಿ, ಭಾರ ಹೊರಿಸಿ, ಅದಕ್ಕೆ ಸರಿಸಾಟಿ ಇಲ್ಲ. ಡೀಸೆಲ್ ಇಂಜಿನ್ ಬರಿಯ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಅದುಮುತ್ತದೆ. ಆ ಒತ್ತಡಕ್ಕೆ ಗಾಳಿ ಎಷ್ಟು ಕಾಯುತ್ತದೆಂದರೆ, ಮೇಲಿನಿಂದ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಡೆಯಲೆಂದೇ ಅದರ ಕಬ್ಬಿಣ ದಪ್ಪ, ತೂಕ ಹೆಚ್ಚು. ಪೆಟ್ರೋಲ್ ಇಂಜಿನ್ ಗಾಳಿ, ಪೆಟ್ರೋಲ್ ಎರಡರ ಮಿಶ್ರಣವನ್ನು ಹತ್ತು ಪಟ್ಟಿನ ಆಸುಪಾಸಿನಲ್ಲಿ ಅದುಮಿ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತದೆ. ಹಗುರ, ಸದ್ದು ಕಡಿಮೆ, ಚಳಿಗಾಲದ ಬೆಳಗ್ಗೆಯೂ ಒಂದೇ ಸೆಲ್ಫಿಗೆ ಎದ್ದೇಳುತ್ತದೆ. ಜಪಾನಿನ ರೈತರು 660 ಸಿಸಿ ಮಿತಿಯ, 350 ಕಿಲೋ ಹೊರುವ ಪುಟ್ಟ ಪೆಟ್ರೋಲ್ ಟ್ರಕ್ಕುಗಳಲ್ಲೇ ಹೊಲದ ಕೆಲಸ ಸಾಗಿಸುತ್ತಾರೆ. ನಮ್ಮ ಸೂಪರ್ ಕ್ಯಾರಿಯ ಮೂಲವೂ ಅಲ್ಲಿಯದೇ. ಸುಜುಕಿ ಕಂಪನಿಯ ಮೊದಲ ಕ್ಯಾರಿ ಬಂದದ್ದು 1961ರಲ್ಲಿ.

ಓಡಿಸುವ ಕೈ ಬದಲಾಗಬೇಕು, ಹೆಚ್ಚು ತಾಳ್ಮೆ ಬೇಕಾದದ್ದು ಇಲ್ಲಿ. ಪಿಕಪ್ ಓಡಿಸಿದವರಿಗೆ ಒಂದು ರೂಢಿ ಬಿದ್ದಿರುತ್ತದೆ. ಕ್ಲಚ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದೆಯೂ ಗಾಡಿ ಹೊರಡುತ್ತದೆ, ಮೂರನೇ ಗೇರಿನಲ್ಲೇ ಉಬ್ಬು ಹಾರಿಸಬಹುದು. ಪೆಟ್ರೋಲ್ ಗಾಡಿಯಲ್ಲಿ ಹಾಗೆ ಮಾಡಿದರೆ ಇಂಜಿನ್ ಆಫ್ ಆಗುತ್ತದೆ. ಹೆದ್ದಾರಿಯ ಸರ್ವಿಸ್ ರಸ್ತೆಯಿಂದ ಮೇಲೇರುವ ಇಳಿಜಾರಿನಲ್ಲಿ ಲೋಡಿನೊಂದಿಗೆ ನಿಂತಿದ್ದೀರಿ ಎಂದುಕೊಳ್ಳಿ. ಹ್ಯಾಂಡ್ ಬ್ರೇಕ್ ಎಳೆದಿಡಿ. ಒಂದನೇ ಗೇರು ಹಾಕಿ. ಮೊದಲು ಆಕ್ಸಿಲರೇಟರ್ ಕೊಟ್ಟು ಇಂಜಿನ್ನಿನ ಸದ್ದು ತುಸು ಏರಲಿ. ಈಗ ಕ್ಲಚ್ ಮೆಲ್ಲಗೆ ಬಿಡುತ್ತಾ ಬನ್ನಿ. ಗಾಡಿಯ ಮೂತಿ ಒಂದಿಷ್ಟು ಎದ್ದ ಹಾಗಾದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹೊರಟ ಕೂಡಲೇ ಎಡಗಾಲನ್ನು ಕ್ಲಚ್ಚಿನಿಂದ ಪೂರ್ತಿ ತೆಗೆಯಿರಿ. ಅರ್ಧ ಕ್ಲಚ್ಚಿನಲ್ಲೇ ಎಳೆಸುತ್ತಾ ಹೋದರೆ ಸುಟ್ಟ ವಾಸನೆ ಬರುತ್ತದೆ, ಪ್ಲೇಟು ಬೇಗ ಸವೆಯುತ್ತದೆ. ಡೀಸೆಲ್ ಬಿಟ್ಟು ಬಂದವರು ಮೊದಮೊದಲು ಹೆಚ್ಚಾಗಿ ಕೆಡಿಸಿಕೊಳ್ಳುವುದು ಕ್ಲಚ್ಚನ್ನೇ.

ಏರಿನಲ್ಲಿ ಇಂಜಿನ್ ಸದ್ದು ಮಾಡಿದರೆ ಹೆದರಬೇಡಿ. ಪೆಟ್ರೋಲ್ ಇಂಜಿನ್ ದುಡಿಯುವುದೇ ಆ ಸದ್ದಿನಲ್ಲಿ. ಹೆದರಬೇಕಾದದ್ದು ಮೇಲಿನ ಗೇರಿನಲ್ಲಿ ಕಡಿಮೆ ವೇಗದಲ್ಲಿ ಎಳೆಸುವಾಗ ಬರುವ ಟಕ ಟಕ ಬಡಿತಕ್ಕೆ. ಅದು ಕೇಳಿದೊಡನೆ ಒಂದು ಗೇರು ಇಳಿಸಿ. ಬ್ರೇಕಿನ ವಿಷಯದಲ್ಲೂ ಎಚ್ಚರ ಬೇಕು. ಖಾಲಿ ಇದ್ದಾಗ ಸಣ್ಣ ಗಾಡಿ ತಟ್ಟನೆ ನಿಲ್ಲುತ್ತದೆ, 700 ಕಿಲೋ ಹೊತ್ತಾಗ ಅದೇ ಗಾಡಿಯ ಒಟ್ಟು ತೂಕ ದುಪ್ಪಟ್ಟಿನ ಹತ್ತಿರ ಬರುತ್ತದೆ. ಖಾಲಿ ಗಾಡಿಯ ಅಂದಾಜಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನವರಿಗೆ ಬಡಿದೇ ನಿಲ್ಲುವುದು. ಮಳೆಗಾಲದಲ್ಲಿ ಎರೆ ಮಣ್ಣಿನ ಹೊಲದ ದಾರಿಗೆ ಇಳಿಯುವವರು ಸಣ್ಣ ಚಕ್ರದ ಗಾಡಿಯನ್ನು ನಂಬಿಕೊಳ್ಳಬೇಡಿ. ಎಳೆಯುವುದು ಹಿಂದಿನ ಚಕ್ರ, ಖಾಲಿ ಗಾಡಿಯ ಹಿಂಬದಿ ಹಗುರ, ಚಕ್ರ ಸುಮ್ಮನೆ ತಿರುಗುತ್ತಾ ಹೂತುಹೋಗುತ್ತದೆ.

ಘಟ್ಟದ ಬಗ್ಗೆ ನನ್ನ ಮಾತು ಖಚಿತ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಕಾಗಿನೆಲೆ, ಕದರಮಂಡಲಗಿ ಇವೆಲ್ಲ ಬಯಲು ನೆಲ. ಇಲ್ಲಿ ಪೆಟ್ರೋಲ್ ಗಾಡಿಗೆ ಕಷ್ಟವಿಲ್ಲ. ವಾರಕ್ಕೊಮ್ಮೆ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಇಲ್ಲವೆ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಪೂರಾ ಲೋಡು ಒಯ್ಯುವವರು ಡೀಸೆಲ್ ಪಿಕಪ್ಪನ್ನೇ ಇಟ್ಟುಕೊಳ್ಳಿ. ಸಣ್ಣ ಗಾಡಿ ಹತ್ತುವುದಿಲ್ಲ ಎಂದಲ್ಲ. ಹತ್ತುತ್ತದೆ, ಆದರೆ ಒಂದು ಎರಡನೇ ಗೇರಿನಲ್ಲಿ ತೆವಳುತ್ತದೆ. ಆಗ ಎವರೇಜಿನ ಲೆಕ್ಕವೆಲ್ಲ ತಲೆಕೆಳಗು.

ಬಂಕಿನಲ್ಲಿ ಎರಡು ಎಚ್ಚರ. ಪಿಕಪ್ಪಿನ ರೂಢಿಯಲ್ಲಿ ಬಾಯಿತಪ್ಪಿ ಡೀಸೆಲ್ ಎಂದುಬಿಟ್ಟೀರಿ. ಟ್ಯಾಂಕಿನ ಮುಚ್ಚಳದ ಮೇಲೆ ‘ಪೆಟ್ರೋಲ್’ ಎಂದು ದಪ್ಪಗೆ ಬರೆಸಿ. ತಪ್ಪಿ ಡೀಸೆಲ್ ಬಿದ್ದರೆ ಕೀಲಿಯನ್ನೇ ತಿರುಗಿಸಬೇಡಿ. ಗಾಡಿಯನ್ನು ತಳ್ಳಿ ಪಕ್ಕಕ್ಕೆ ನಿಲ್ಲಿಸಿ ಟ್ಯಾಂಕು ಖಾಲಿ ಮಾಡಿಸಿ. ಸ್ಟಾರ್ಟ್ ಮಾಡಿದರೆ ಪೈಪು, ಇಂಜೆಕ್ಟರು, ಪ್ಲಗ್ಗು ಎಲ್ಲ ತೊಳೆಸಬೇಕಾಗುತ್ತದೆ. ಎರಡನೆಯದು ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೂ ಎಥೆನಾಲ್ ಇರುತ್ತದೆ. ನಮ್ಮ ಜಿಲ್ಲೆಯ ರೈತರು ಬೆಳೆಯುವಂಥ ಮೆಕ್ಕೆಜೋಳ, ಕಬ್ಬು ಎರಡೂ ಅದಕ್ಕೆ ಕಚ್ಚಾ ಸರಕು. ಲೀಟರಿಗೆ ಎಥೆನಾಲ್ ಕೊಡುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆದ್ದರಿಂದ ಎವರೇಜ್ ತುಸು ಇಳಿಯುತ್ತದೆ. ಅದು ನೀರನ್ನೂ ಹೀರಿಕೊಳ್ಳುತ್ತದೆ. ಸುಗ್ಗಿ ಮುಗಿದು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಓಡಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ಗಾಡಿ ಇ-20ಕ್ಕೆ, ಅಂದರೆ ನೂರಕ್ಕೆ 20 ಎಥೆನಾಲ್ ಇರುವ ಪೆಟ್ರೋಲಿಗೆ, ತಕ್ಕುದೇ ಎಂದು ಕಂಪನಿಯ ಕೈಪಿಡಿಯಲ್ಲಿ ನೋಡಿ. ಸಿಎನ್‌ಜಿ ಮಾದರಿ ಅಗ್ಗವಾಗಿ ಓಡುತ್ತದೆ ನಿಜ, ಆದರೆ ಸಿಲಿಂಡರಿನ ತೂಕಕ್ಕೆ ಪಾಸಿಂಗ್ ಇಳಿಯುತ್ತದೆ. ಸೂಪರ್ ಕ್ಯಾರಿಯಲ್ಲಿ ಅದು 625 ಕಿಲೋ.

ಆರೈಕೆ ಕಷ್ಟದ್ದಲ್ಲ. ಇಂಜಿನ್ ಸೀಟಿನ ಕೆಳಗಿರುತ್ತದೆ, ಸೀಟು ಎತ್ತಿ ಆಯಿಲ್ ನೋಡುವುದನ್ನು ಕಲಿಯಿರಿ. ಮೆಣಸಿನಕಾಯಿ ಪೇಟೆಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಂಪನಿ ಹೇಳಿದ ಅವಧಿಗೆ ಮೊದಲೇ ಒಮ್ಮೆ ಬಿಚ್ಚಿ ಕೊಡವಿ. ಸ್ಪಾರ್ಕ್ ಪ್ಲಗ್ಗು ಹೊತ್ತಿಗೆ ಸರಿಯಾಗಿ ಬದಲಿಸಿ.

ಕಾಗದಪತ್ರದಲ್ಲಿ ಕೆಲವು ಬದಲಾಗುತ್ತವೆ, ಕೆಲವು ಇಲ್ಲ. ಎಲ್‌ಎಂವಿ ಲೈಸೆನ್ಸ್ ಇದ್ದರೆ ಎರಡನ್ನೂ ಓಡಿಸಬಹುದು. 7500 ಕಿಲೋ ಒಳಗಿನ ಸಾರಿಗೆ ಗಾಡಿಗೆ ಅದೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಥರ್ಡ್ ಪಾರ್ಟಿ ವಿಮೆಯಲ್ಲೂ 7500 ಕಿಲೋ ಒಳಗಿನ ಸರಕು ಗಾಡಿಗಳಿಗೆಲ್ಲ ಒಂದೇ ದರ, ಸಣ್ಣದು ಕೊಂಡರೆ ಅದು ಇಳಿಯುವುದಿಲ್ಲ. ಲೋಡು ಸೇರಿ ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯಿದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಬೇಡ. ಸಣ್ಣ ಪೆಟ್ರೋಲ್ ಗಾಡಿಗಳೆಲ್ಲ ಇದರೊಳಗೆ ಬರುತ್ತವೆ, ಪಿಕಪ್‌ಗಳಲ್ಲಿ ಭಾರದ ಮಾದರಿಗಳು ಬರುವುದಿಲ್ಲ. ಫಿಟ್‌ನೆಸ್ ಎರಡಕ್ಕೂ ಒಂದೇ ತೆರ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ. ಓವರ್‌ಲೋಡಿಗೆ ಕೇಂದ್ರ ಕಾಯಿದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಸಣ್ಣ ಗಾಡಿಗೆ ದೊಡ್ಡ ಗಾಡಿಯ ಲೋಡು ಹಾಕುವವರಿಗೆ ಒಂದೇ ಸಲ ಸಿಕ್ಕಿಬಿದ್ದರೂ ಒಂದು ತಿಂಗಳ ದುಡಿಮೆ ಹೋದಂತೆ.

ಕೊಳ್ಳುವ ಮೊದಲು ಒಂದು ತಿಂಗಳು ನೋಟುಬುಕ್ಕಿನಲ್ಲಿ ನಾಲ್ಕೇ ಕಲಂ ಬರೆಯಿರಿ: ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋ, ಮರಳುವಾಗ ಖಾಲಿಯೋ ಲೋಡೋ, ಬಾಡಿಗೆ ಎಷ್ಟು. ಮುಕ್ಕಾಲು ಪಾಲು ಟ್ರಿಪ್ಪುಗಳು 600 ಕಿಲೋ ಒಳಗೇ ಇದ್ದರೆ ಸಣ್ಣ ಗಾಡಿ ನಿಮಗೆ ಸರಿ. ಉಳಿದ ಕಾಲು ಪಾಲಿಗೆ ಬಾಡಿಗೆ ಪಿಕಪ್ ಕರೆಯಿರಿ. ಶೋರೂಮಿನವರು ಕೊಡುವ ಟೆಸ್ಟ್ ಡ್ರೈವ್ ಖಾಲಿ ಗಾಡಿಯದು, ಅದಕ್ಕೆ ಒಪ್ಪಬೇಡಿ. ನಿಮ್ಮದೇ ಸರಕು ಹಾಕಿ, ನಿಮ್ಮದೇ ದಾರಿಯಲ್ಲಿ ಓಡಿಸಿ ನೋಡುತ್ತೇನೆಂದು ಪಟ್ಟು ಹಿಡಿಯಿರಿ.

ಹಳೆಯ ಪಿಕಪ್ ಮಾರುವಾಗ ಹಣ ಕೈಗೆ ಬಂತೆಂದು ಸುಮ್ಮನಾಗಬೇಡಿ. ಸಾಲ ತೀರಿದ್ದರೆ ಬ್ಯಾಂಕಿನಿಂದ ಎನ್‌ಒಸಿ, 35ನೇ ನಮೂನೆ ಪಡೆದು ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. 29, 30ನೇ ನಮೂನೆಗೆ ಸಹಿ ಮಾಡಿದರೆ ಮುಗಿಯಲಿಲ್ಲ, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ನೀವೇ ನೋಡಿ. ಹೆಸರು ಬದಲಾಗುವವರೆಗೆ ಆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.